ಸೊರಬದ ಹಳೇ ಪ್ರಿಂಟು

"ನಾನು ಡೊಳ್ಳಿಗೆ ಮೊದಲ್ನೇ ಏಟು ಹಾಕ್ತಿದ್ದಂಗೆ ಅಂಬ್ಲಿಗೊಳದ ಮೀನೆಲ್ಲ ದಡಕ್ಕೆ ಬಂದು ಸಾಲಾಗಿ ನಿಂತ್ವು. ಕ್ಯಾಮೆರಾದೋನು ಹೀರೋಯಿನ್ನ ಬಿಟ್ಟು ಮೀನಿನ ಕಡೆ ತಿರುಗಿಸ್ದ," ಎಂದ ಕರಿಯಣ್ಣ, ಟ್ರ್ಯಾಕ್ಟರಿನ ಮಡ್ಗಾರ್ಡಿನ ಮೇಲೆ ಕೂತು.

ಸಿನಿಮಾ ನೋಡಲು ಟ್ರೇಲರ್ ಹತ್ತಿದ್ದ ಉಡುತಡಿಯ ಹೆಂಗಸರು ನಕ್ಕರು. ಅವರ ಹಿಂದೆ ಕೂತಿದ್ದ, ಅದೇ ಡೊಳ್ಳಿನ ಮೇಳದ ಉಜ್ಜಪ್ಪ ನಗಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಅವನ ಹಲ್ಲು ಕಂಡವರೆಂದರೆ ಶಿಕಾರಿಪುರದ ಹಲ್ಲಿನ ಡಾಕ್ಟರೊಬ್ಬರೇ.

ಅರವತ್ತೊಂಬತ್ತರಲ್ಲಿ ಸಿನಿಮಾದವರು ಬಂದು ಅಣೆಕಟ್ಟೆಯ ಪಕ್ಕದಲ್ಲಿ ಇವರ ಮೇಳದ ಕುಣಿತ ತೆಗೆದುಕೊಂಡಿದ್ದರು. ಹಾಡಿನ ನಡುವೆ ಯಾರದೋ ಕೋಲು ಕೈಜಾರಿ ತಾಳ ತಪ್ಪಿತು. ಆಕಾಶ ಬಿರಿಯುವಂಥ ಹನ್ನೆರಡು ಡೊಳ್ಳಿನ ಸದ್ದಿನಲ್ಲಿ ಅದು ಯಾರದೆಂದು ಗೊತ್ತಾದದ್ದು ಮೇಳದ ಯಜಮಾನನಾಗಿದ್ದ ಉಜ್ಜಪ್ಪನ ಅಪ್ಪನಿಗೆ ಮಾತ್ರ. ಮೇಳದ ಮರ್ಯಾದೆಯೆಂದು ಅವನು ಬಾಯಿ ಬಿಡದೆ ಆ ವರ್ಷವೇ ತೀರಿಕೊಂಡ. ಅವನನ್ನು ಮಣ್ಣು ಮಾಡಿ ಬಂದವರ ಕಾಲು ಒಣಗುವ ಮೊದಲೇ ಕರಿಯಣ್ಣ ಹೇಳಿದ್ದ: "ತಪ್ಪಿದ್ದು ಉಜ್ಜಪ್ಪಂದು." ಉಜ್ಜಪ್ಪನಿಗೆ ಬರಬೇಕಿದ್ದ ಮುಂದಾಳಿನ ಡೊಳ್ಳು ಕರಿಯಣ್ಣನ ಹೆಗಲೇರಿತು. ಉಜ್ಜಪ್ಪ ಕೊನೆಯ ಸಾಲಿಗೆ ಹೋದ, 'ತಾಳಗೇಡಿ' ಎಂಬ ಹೆಸರೂ ಅವನ ಹಿಂದೆಯೇ ಹೋಯಿತು. ಮಗಳನ್ನು ನೋಡಲು ಬಂದ ಗಂಡಿನವರೂ ಅದನ್ನೇ ಆಡಿಕೊಂಡು ನಕ್ಕಿದ್ದರು.

ಆ ಸಿನಿಮಾ ಶಿವಮೊಗ್ಗದಲ್ಲಿ ಮೂರು ದಿನ ಓಡಿ ಮಲಗಿದ್ದರಿಂದ ಊರಿನವರು ಯಾರೂ ನೋಡಿರಲಿಲ್ಲ. ಈಗ ಶಿಕಾರಿಪುರಕ್ಕೆ ಹೊಸ ಸ್ಟೀರಿಯೋ ಸೌಂಡಿನಲ್ಲಿ ಬಂದಿತ್ತು. ಸೊರಬದ ಟೆಂಟ್ ಟಾಕೀಸಿನಲ್ಲಿ ಹಳೇ ಪ್ರಿಂಟೇ ನಡೆದಿತ್ತು. ಉಜ್ಜಪ್ಪ ಗುಟ್ಟಾಗಿ ಎರಡನ್ನೂ ನೋಡಿದ್ದ, ಸೊರಬದ್ದನ್ನು ಮೂರು ಸಲ.

"ಶಿಕಾರಿಪುರಕ್ಕೆ ಬಿಡಪ," ಎಂದ ಕರಿಯಣ್ಣ ಡ್ರೈವರಿಗೆ. "ಹೊಸ ಸೌಂಡು."

"ಅದ್ರಾಗೆ ನಿನ್ ಡೊಳ್ಳು ಇಲ್ಲ ಕರಿಯಣ್ಣ," ಎಂದ ಉಜ್ಜಪ್ಪ, ಬೆಲ್ಲದಂಥ ದನಿಯಲ್ಲಿ. "ಅಳಿಸಿ ಮಿಷನ್ ಡ್ರಮ್ಮು ಕೂರ್ಸ್ಯಾರೆ. ನಿನ್ ಏಟು ಕೇಳ್ಬೇಕು ಅಂದ್ರೆ ಸೊರಬಕ್ಕೇ ಹೋಗ್ಬೇಕು."

"ನನ್ ಡೊಳ್ಳು ಅಳಿಸೋನು ಇನ್ನೂ ಹುಟ್ಟಿಲ್ಲ ಬಿಡು. ಆದ್ರೂ ಹೆಂಗಸ್ರು ಅಸ್ಲಿ ಮಾಲೇ ಕೇಳ್ಲಿ. ತಿರುಗ್ಸಪ ಸೊರಬಕ್ಕೆ."

ಸೊರಬದ ಟೆಂಟಿನಲ್ಲಿ ಉಜ್ಜಪ್ಪ ತಾನೇ ಮರಳು ಸಮ ಮಾಡಿ, ಕರಿಯಣ್ಣನನ್ನೂ ಅವನ ಹೆಂಡತಿ ಮಾಳಮ್ಮನನ್ನೂ ಸ್ಪೀಕರಿನ ಕೆಳಗೇ ಕೂರಿಸಿದ. ತಾನು ಹಿಂದೆ ಕೂತ. ಹಾಡು ಶುರುವಾಯಿತು. ಪರದೆಯ ತುಂಬ ನಾಯಕಿಯ ಪಾದಗಳು, ಹಿಂದೆ ಡೊಳ್ಳಿನ ಸದ್ದು. ಒಂದು ಏಟು ತಪ್ಪಿತು. ಆಗ ಮೈಕಿನ ಪಕ್ಕದಲ್ಲೇ ನಿಂತವನ ಪಿಸುದನಿ ಗರಗರ ಸದ್ದಿನ ನಡುವೆ ಕೇಳಿಸಿತು: "ಲೇ ಕರಿಯಾ, ಕೋಲು ಎತ್ಕೊಳ್ಳೋ. ಅತ್ಲಾಗೇನು ನೋಡ್ತೀಯ."

ಅಪ್ಪನ ದನಿ. ನಾಲ್ಕನೆಯ ಸಲವೂ ಉಜ್ಜಪ್ಪ ಕೂತಲ್ಲೇ ಸ್ಪೀಕರಿನ ಕಡೆ ಕಿವಿ ಚಾಚಿದ.

ಮಾಳಮ್ಮ ಗಂಡನ ಕಡೆ ತಿರುಗಿದಳು. "ಯಾವ ಕರಿಯ ಅದು?"

"ನಮ್ ಮೇಳದಾಗೆ ನೂರು ಜನ ಕರಿಯ ಇದ್ರು."

"ಮೇಳದಾಗೆ ಇದ್ದೋರೇ ಹನ್ನೆರಡು ಜನ."

ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ಉಜ್ಜಪ್ಪ ಮುಂದೆ ಬಾಗಿ ಕರಿಯಣ್ಣನ ಕಿವಿಯ ಹತ್ತಿರ ಹೇಳಿದ: "ಹೇಳು. ಎಲ್ರಿಗೂ ಕೇಳಂಗೆ ಹೇಳು."

"ಆ ಹೀರೋಯಿನ್ನು ನನ್ನೇ ನೋಡಿ ನಕ್ಳು, ಅದಕ್ಕೇ ಕೈ..." ಕರಿಯಣ್ಣ ನಿಲ್ಲಿಸಿದ. ಮಾಳಮ್ಮ ಕಣ್ಣು ಕೀಳಲಿಲ್ಲ. "ನಗ್ಲಿಲ್ಲ. ಯಾರೂ ನನ್ ಕಡೆ ನೋಡ್ಲೇ ಇಲ್ಲ. ಅಷ್ಟು ಲೈಟು ನೋಡಿ ಹೆದ್ರಿದ್ದೆ. ಕೈಜಾರಿ ಕೋಲು ಬಿತ್ತು. ಯಜಮಾನ ಸತ್ತ ಮ್ಯಾಲೆ ಕೇಳೋರಿಲ್ಲ ಅಂತ ಉಜ್ಜಪ್ಪನ ಹೆಸ್ರು ಹೇಳ್ದೆ."

ಮಾಳಮ್ಮ ಸೆರಗು ಎಳೆದುಕೊಂಡು ಒಂದು ಮೊಳ ಆಚೆ ಸರಿದು ಕೂತಳು. ನಡುವೆ ತೆರವಾದ ಮರಳಿನ ಮೇಲೆ ಪರದೆಯ ಬೆಳಕು ಹೊಯ್ದಾಡುತ್ತಿತ್ತು.