ಪೆಟ್ಟೋ ಹುಟ್ಟೋ

ಬೆಳಗಿನ ಮಂಜು ಬಸ್ಸಿನ ಗಾಜು ಬಿಟ್ಟು ಇಳಿಯಲೊಲ್ಲದು, ಮಧುಕರ ಅಂಗೈಯಿಂದ ಒರೆಸುತ್ತಾನೆ, ಮತ್ತೆ ಮಬ್ಬು — ಉದ್ಯಮಬಾಗ ದಾಟಿತೋ ಇಲ್ಲವೋ, ಖಾನಾಪುರ ಇನ್ನೆಷ್ಟು ದೂರವೋ, ಕಿಸೆಯಲ್ಲಿ ಪೊಟ್ಟಣ ಇದೆಯೇ, ಇದೆ, ಪೊಟ್ಟಣದಲ್ಲಿ ತಾಮ್ರದ ನಾಣ್ಯ, ನಾಣ್ಯದಲ್ಲಿ ಆ ಒಳಹೋದ ಮುಖ. ರವಿವಾರ ಪೇಟೆಯ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಹಳೇ ನಾಣ್ಯ ನೋಡಿದ ಕಣ್ಣು, ಟಂಕಸಾಲೆಯ ತಪ್ಪಿನಲ್ಲಿ ಹುಟ್ಟಿದ್ದು ಯಾವುದು, ಆಮೇಲೆ ಪೆಟ್ಟು ತಿಂದದ್ದು ಯಾವುದು ಎಂದು ಊರೆಲ್ಲ ಕೇಳಲು ಬರುವ ಕಣ್ಣು, ಹೋದ ವಾರ ಎರಡೇ ನಿಮಿಷ ನೋಡಿತು. ಎದುರಿಗೆ ಖಾನಾಪುರದ ಕುರಿಗಾರರ ಮನೆಯ ಮಾಯವ್ವ, ಸೆರಗಿನ ಗಂಟು ಬಿಚ್ಚುತ್ತ, ಸಾವಕಾರ್ರ, ಇದು ಪೆಟ್ಟೋ ಹುಟ್ಟೋ, ಅಷ್ಟ ಹೇಳ್ರಿ, ನನಗ ರೊಕ್ಕ ಬ್ಯಾಡ. ಒಂದು ಬದಿಗೆ ರಾಜನ ತಲೆ ಎದ್ದಿದೆ, ಇನ್ನೊಂದು ಬದಿಗೆ ಅದೇ ತಲೆ ತಿರುವುಮುರುವಾಗಿ ಗುಂಡಿಯಂತೆ ಇಳಿದಿದೆ. ನಾ ಮದಿವ್ಯಾಗಿ ಬಂದ ವರ್ಷ ದೇವರ ಜಗಲಿ ಸಾರಸಾಕ ಹೋಗಿ ಪೂಜೀ ನಾಣ್ಯದ ರಾಶಿ ಮ್ಯಾಲ ಗುಂಡಕಲ್ಲು ಕೆಡವಿದ್ನಿರಿ, ಒಂದರ ಮಾರಿ ಇನ್ನೊಂದರಾಗ ಹೂತೈತಿ ಅಂದ್ಲು ಅತ್ತಿ, ಆ ವರ್ಷ ಕುರಿ ಸತ್ತದ್ದೂ ನನ್ನ ಕೈಲೇ ಅಂದ್ಲು, ಸಾಯೂತನಕ ದೇವರ ಭಂಡಾರದ ಅರಿಷಿಣ ಮುಟ್ಟಗೊಡಲಿಲ್ಲ. ಪೆಟ್ಟವ್ವಾ, ಎಂದುಬಿಟ್ಟಿದ್ದ — ಕಲ್ಲಿನ ಪೆಟ್ಟಾದರೆ ಎದ್ದ ತಲೆ ಚಪ್ಪಟೆಯಾಗಬೇಕು, ಆಗಿದೆ, ಮುಗಿಯಿತು. ಅವಳು ಅಳಲಿಲ್ಲ. ಹಂಗಾರ ಖರೇನ ಆತು ಬಿಡ್ರಿ, ಇದನ್ನ ನೀವ ಇಟಗೋರ್ರಿ, ಮನಿಗೆ ಒಯ್ಯಾಂಗಿಲ್ಲ ನಾ. ಚಪ್ಪಟೆಯಲ್ಲ ಅದು, ದೇವರೇ, ಭಂಡಾರ, ವಾರವಾರ ಎರಚಿದ ಅರಿಷಿಣ ಎಣ್ಣೆ ಕುಡಿದು ಕಲ್ಲಾಗಿ ಕಿರೀಟ ಅಕ್ಷರ ಎಲ್ಲ ಮುಚ್ಚಿತ್ತು, ಭಕ್ತಿಯನ್ನೇ ಪೆಟ್ಟೆಂದು ಓದಿದೆನಲ್ಲ — ನಿನ್ನೆ ಸಾಬೂನು ನೀರಲ್ಲಿ ನೆನೆಸಿದರೆ ಅರಿಷಿಣ ಬಿಟ್ಟಿತು, ಕಿರೀಟದ ಹರಳು ಹರಳೂ ಚೂಪಾಗಿ ಎದ್ದವು, ಕಲ್ಲೇಟಿಗೆ ಹಿಗ್ಗಬೇಕಿದ್ದ ಅಂಚು ಎಳ್ಳಷ್ಟೂ ಹಿಗ್ಗಿಲ್ಲ. ಟಂಕಸಾಲೆಯಲ್ಲಿ ಮೊದಲು ಹೊಡೆದ ನಾಣ್ಯ ಅಚ್ಚಿಗೇ ಅಂಟಿ ಉಳಿದು, ಅದರ ಮುಖ ಮುಂದಿನ ಬಿಲ್ಲೆಯೊಳಗೆ ಇಳಿದಿದೆ, ಮಾಯವ್ವ ಹುಟ್ಟುವ ಮೊದಲೇ ಇಳಿದಿದೆ ಆ ಒಳಹೋದ ಮುಖ. ಕಿಸೆಯಲ್ಲಿ ಫೋನು ಮತ್ತೆ ನಡುಗುತ್ತದೆ, ಅದೇ ವಿಕ್ರಮ, ನಾಣ್ಯ ಕೂಡಿಸುವ ಹುಚ್ಚಿನವನು, ನಿನ್ನೆ ರಾತ್ರಿಯೇ ಅಂದಿದ್ದ, ಮುದುಕಿ ತಾನ ಬಿಟ್ಟು ಹೋಗ್ಯಾಳಂದಮ್ಯಾಲ ಅದು ನಿಂದ ಆತಲ್ಲೋ ಮಧುಕರ, ನಿನಗ್ಯಾಕ ಇಲ್ಲದ ಉಸಾಬರಿ. ತೆಗೆಯುವುದಿಲ್ಲ, ನಡುಗಲಿ. ಮಾತೊಂದನ್ನೇ ಒಯ್ದರೆ ಸಾಲದೇ, ಪೆಟ್ಟಲ್ಲವ್ವಾ ಎಂದು ಹೇಳಿ ಬಂದು ನಾಣ್ಯ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲೇ ಇಟ್ಟುಕೊಂಡರೆ — ಕೈ ಕಿಸೆಗೆ ಹೋಗುತ್ತದೆ, ಪೊಟ್ಟಣ ಇದೆ. ಖಾನಾಪುರ, ಇಳೀರಿ, ಎನ್ನುತ್ತಾನೆ ಕಂಡಕ್ಟರ, ಕಾಲುಗಳು ಇಳಿಯುತ್ತವೆ, ಓಣಿ, ಉಣ್ಣೆಯ ವಾಸನೆ, ಬಾಗಿಲಲ್ಲಿ ಅವಳು, ಬರ್ರಿ ಕುಂದರ್ರಿ ಎನ್ನುತ್ತಾಳೆ. ಕೂರಲಿಲ್ಲ. ಪೊಟ್ಟಣ ಬಿಚ್ಚಿ ಅವಳ ಅಂಗೈಯಲ್ಲಿಟ್ಟ. ಹುಟ್ಟವ್ವಾ, ಪೆಟ್ಟಲ್ಲ. ತಪ್ಪಿದಾಂವ ನಾನು. ಇದರ ಬೆಲೆ ಬಹಳ ಎಂದೂ ಹೇಳಿದ, ಅದು ಅವಳ ಕಿವಿಗೆ ಬೀಳಲಿಲ್ಲ, ಅವಳ ಹೆಬ್ಬೆರಳು ತಾಮ್ರದ ಮೇಲೆ ಮೆಲ್ಲಗೆ ಸರಿದು, ಹುಡುಕಿ, ಇಳಿದು, ಅಲ್ಲೇ ನಿಂತಿತು — ಒಳಹೋದ ಮುಖ, ಯಾರೂ ಹೊಡೆಯದ, ಒಳಹೋದ ಮುಖ —