ಹಾಜರಿ ಹಾಕಿದ ಬಾಣಂತಿ

"ಹೊಟ್ಟೆ ಮುಂದೆ ಮಾಡ್ಕೊಂಡು ಕೂತ್ಬಿಟ್ರೆ ಮಣ್ಣು ತಾನಾಗೇ ಜರಡಿ ಇಳಿಯುತ್ತಾ? ಏಳಮ್ಮ, ಏಳು!"

ಸ್ಟೂಲಿನ ತುದಿಗೆ ಆಗಷ್ಟೇ ಮೈ ಊರಿದ್ದವಳು ಧಡಕ್ಕನೆ ಎದ್ದಳು. ಕೈಯಲ್ಲಿದ್ದ ಜರಡಿ ವಾಲಿ ಒಂದು ಹಿಡಿ ಮಣ್ಣು ನೆಲಕ್ಕೆ ಚೆಲ್ಲಿತು. ಬಾಗಿಲಲ್ಲಿ ನಿಂತಿದ್ದ ಪ್ರೊಫೆಸರ್ ಆ ಮಣ್ಣನ್ನೂ ಅವಳ ಹೊಟ್ಟೆಯನ್ನೂ ಒಂದೇ ಅಸಹ್ಯದಿಂದ ನೋಡಿದ.

ವಿದ್ಯಾರ್ಥಿ ವೀಸಾ ಹಿಡಿದು, ಕಡಲು ದಾಟಿ ಓದಲು ಬಂದವಳು ಅವಳು. ಮಣ್ಣಿನ ಮೇಲೆ ಸಂಶೋಧನೆ. ಮಾಡುತ್ತಿದ್ದುದು ಮಾತ್ರ ಕೂಲಿ. ನೆಲಮಾಳಿಗೆಯಿಂದ ಚೀಲ ಹೊತ್ತು ತರಬೇಕು, ಒಣಗಿಸಬೇಕು, ಕುಟ್ಟಬೇಕು, ಜರಡಿ ಹಿಡಿಯಬೇಕು. ಅದರಿಂದ ಹುಟ್ಟಿದ ಲೇಖನದ ನೆತ್ತಿಯ ಮೇಲೆ ಪ್ರೊಫೆಸರನ ಹೆಸರು. ಕೊನೆಯಲ್ಲಿ ಜಾಗ ಉಳಿದರೆ ಇವಳದು. ತುಂಬಿದ ಬಸುರಿಯಾದ ಮೇಲೂ ಚೀಲ ಹಗುರವಾಗಲಿಲ್ಲ. ಪಾದ ಊದಿ ತನ್ನ ಚಪ್ಪಲಿ ಹಿಡಿಸದೆ ಗಂಡನ ಚಪ್ಪಲಿ ಮೆಟ್ಟಿ ಬರುತ್ತಿದ್ದಳು.

"ಸಾರ್, ಹೆರಿಗೆಗೆ ರಜೆ ಬೇಕಿತ್ತು."

"ತಗೋ. ಬೇಡ ಅಂದೋರ್ಯಾರು?" ಅವನು ನಕ್ಕ. "ಆದ್ರೆ ವೀಸಾ ನೋಡ್ಕೊಳ್ಳೋ ಆಫೀಸಲ್ಲಿ ಒಂದ್ಮಾತು ಕೇಳ್ಕೊಂಡು ತಗೋ. ಆಮೇಲೆ ನನ್ ಹತ್ರ ಬಂದು ಅಳಬೇಡ. ಹೆರೋದೇ ಇದ್ರೆ ನಿಮ್ಮೂರಲ್ಲೇ ಬಿದ್ದಿರಬೇಕಿತ್ತು. ನಿಮ್ಮಂಥೋರನ್ನ ಸೇರಿಸ್ಕೊಂಡಿದ್ದು ನಂದೇ ತಪ್ಪು."

ನಿಮ್ಮಂಥೋರು. ಊರಲ್ಲಿ ಆ ಮಾತು ಕೇಳಿ ಕೇಳಿ ಅವಳ ಕಿವಿ ಜಡ್ಡುಗಟ್ಟಿತ್ತು. ಇಲ್ಲಿ ಅದು ಬಿಳಿ ಕೋಟು ತೊಟ್ಟುಕೊಂಡು ಬಂದಿತ್ತು, ಅಷ್ಟೇ.

ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಉದ್ದನೆಯ ಕೌಂಟರಿನ ಕಟ್ಟೆಯ ಹಿಂದೆ ಕೂತ ಅಧಿಕಾರಿಣಿಯ ದನಿ ಸಕ್ಕರೆ ಪಾಕ.

"ಓಹ್, ಖುಷಿ ವಿಷಯ! ರಜೆ ನಿಮ್ಮ ಹಕ್ಕು, ಧಾರಾಳವಾಗಿ ತಗೊಳ್ಳಿ. ಆದ್ರೆ ರಜೆಲಿದ್ದೋರು ಓದ್ತಾ ಇರಲ್ಲ, ಅಲ್ವಾ? ಓದ್ದೇ ಇರೋರಿಗೆ ವಿದ್ಯಾರ್ಥಿ ವೀಸಾ ಹೇಗೆ ನಡೆಯುತ್ತೆ? ದೇಶ ಬಿಡ್ಬೇಕಾಗುತ್ತೆ."

"ಈ ಹೊಟ್ಟೆ ನೋಡಿ ವಿಮಾನ ಹತ್ತಿಸಲ್ಲ ಅಂತಾರಲ್ಲ ಮೇಡಂ."

"ಅದು ವಿಮಾನದೋರ ನಿಯಮ. ನಮ್ಮದಲ್ಲ."

"ಇಲ್ಲಿ ಇರೋ ಹಾಗಿಲ್ಲ, ಅಲ್ಲಿಗೆ ಹೋಗೋ ಹಾಗಿಲ್ಲ. ಮತ್ತೆ ನಾನು ಎಲ್ಲಿ ಹೆರ್ಲಿ? ಆಕಾಶದಲ್ಲಾ?"

"ದನಿ ಎತ್ತಬೇಡಿ. ಹಿಂದೆ ಜನ ಕಾಯ್ತಿದಾರೆ."

ಅವರದು ಒಂಟಿ ಕೋಣೆ. ಗಂಡ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು ಬಂದು, ಗೋಡೆಗೆ ಒರಗಿ ಸೊಂಟ ನೀವಿಕೊಳ್ಳುತ್ತ ಎಲ್ಲ ಕೇಳಿದ.

"ಬೋಳಿಮಗ! ನಾಳೆ ಹೋಗಿ ಆ ಪ್ರೊಫೆಸರನ ಕೊರಳಪಟ್ಟಿ ಹಿಡೀತೀನಿ."

"ಹಿಡಿ. ನನ್ನಂತೂ ವಿಮಾನ ಹತ್ತಿಸಲ್ಲ, ನಿನ್ನೊಬ್ಬನ್ನೇ ತುಂಬಿ ಕಳಿಸ್ತಾರೆ."

ಇಬ್ಬರಿಗೂ ನಗು ಬಂತು. ಅದು ಅರ್ಧಕ್ಕೇ ನಿಂತಿತು. ಅವಳು ಅವ್ವನಿಗೆ ಫೋನು ಹಚ್ಚಿದಳು. ಇಟ್ಟಿಗೆ ಗೂಡಿನಲ್ಲಿ ಜೀವ ತೇದ ಹೆಂಗಸು ಅವ್ವ. ಉಸಿರಿಗಿಂತ ಕೆಮ್ಮೇ ಮೊದಲು ಕೇಳಿಸಿತು.

"ನೋಡವ್ವಾ, ಹೇಗೋ ಆಗುತ್ತೆ. ರಜೆ ತಗೊಳಲ್ಲ."

ಅವ್ವ ಸಿಡಿದಳು. "ನಿನ್ನ ಹೆತ್ತಾಗ ನಂಗ್ಯಾರೇ ರಜಾ ಕೊಟ್ರು? ಗೂಡಿನ ಪಕ್ಕ ಹೆತ್ತೆ, ಹಸಿ ಮೈಲೇ ಇಟ್ಟಿಗೆ ಹೊತ್ತೆ. ಮೇಸ್ತ್ರಿ ಬಂದು, ಲೋಕದಲ್ಲಿ ಹೆತ್ತಿದ್ದು ನೀನೊಬ್ಬಳೇನಾ ಅಂದ. ಅವನ ಬಾಯಿಗೆ ಮಣ್ಣು ಹಾಕ! ನನ್ನ ಗತಿ ಬರಬಾರದು ಅಂತ ನಿನ್ನ ಓದ್ಸಿದ್ದು ಕಣೇ. ಅಷ್ಟು ಓದಿ, ಅಷ್ಟು ದೂರ ಹೋಗಿನೂ ಮಣ್ಣೇನಾ? ಮೇಸ್ತ್ರಿನೇನಾ?"



ಅವಳು ರಜೆ ತೆಗೆದುಕೊಳ್ಳಲಿಲ್ಲ. ಹಾಗಾಗಿ ಆಸ್ಪತ್ರೆಯಲ್ಲಿ ಹಲ್ಲುಕಚ್ಚಿ, ಮಂಚದ ಕಂಬಿ ಹಿಡಿದು ಹೆಣ್ಣುಮಗುವನ್ನು ಹೆರುತ್ತಿದ್ದ ಹೊತ್ತಿನಲ್ಲೂ ವಿಶ್ವವಿದ್ಯಾಲಯದ ಪ್ರಕಾರ ಅವಳು ಲ್ಯಾಬಿನಲ್ಲಿ ನಿಂತು ಜರಡಿ ಆಡಿಸುತ್ತಿದ್ದಳು.

ಹೊಲಿಗೆ ಹಸಿಯಿರುವಾಗಲೇ ಕಾಲು ಅಗಲಿಸಿಕೊಂಡು, ಗೋಡೆ ಹಿಡಿದು ಲ್ಯಾಬಿನ ಮೆಟ್ಟಿಲು ಹತ್ತಿದಳು. ಅಂದು ವಾರದ ಸಭೆ. ಅವಳು ನಿಂತು ತನ್ನ ಕೆಲಸ ವಿವರಿಸುತ್ತಿದ್ದಂತೆ ಎದೆ ಕಲ್ಲಾಗಿ, ಜುಮುಗುಟ್ಟಿ, ಹಾಲು ಒಸರಿತು. ಅಂಗಿಯ ಮೇಲೆ ಎರಡು ಒದ್ದೆ ಮಚ್ಚೆಗಳು ಎಲ್ಲರ ಕಣ್ಣೆದುರೇ ದೊಡ್ಡವಾದವು.

"ಥೂ, ಏನಿದು ಗಲೀಜು!" ಪ್ರೊಫೆಸರ್ ಪೆನ್ನಿನ ತುದಿಯಿಂದ ತೋರಿಸಿದ. "ಹೋಗು, ಒರೆಸ್ಕೊಂಡು ಬಾ. ಇದೇನು ದನದ ಕೊಟ್ಟಿಗೆ ಅನ್ಕೊಂಡ್ಯಾ?"

ಯಾರೂ ನಗಲಿಲ್ಲ. ಯಾರೂ ತಲೆ ಎತ್ತಲೂ ಇಲ್ಲ. ಅವಳು ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿ, ಕೈತೊಳೆಯುವ ತೊಟ್ಟಿಗೆ ಎದೆ ಹಿಂಡಿದಳು. ಅತ್ತ ಕೋಣೆಯಲ್ಲಿ ಗಂಡ ಹಿಡಿದ ಬಾಟಲಿಯ ರಬ್ಬರನ್ನು ಉಗಿದು ಉಗಿದು ಮಗು ಕಿರುಚುತ್ತಿತ್ತು. ಇಲ್ಲಿ ಅದರ ಪಾಲಿನ ಹಾಲು ಬಚ್ಚಲಿಗೆ ಇಳಿಯಿತು. ನಲ್ಲಿ ತಿರುಗಿಸಿದಳು. ಬಿಳುಪು ತೆಳ್ಳಗಾಗಿ ಕೊಚ್ಚಿಹೋಯಿತು.

ಆ ವಾರವೇ ನೆಲಮಾಳಿಗೆಯ ಮೆಟ್ಟಿಲಲ್ಲಿ ಚೀಲ ಎತ್ತುವಾಗ ಹೊಲಿಗೆ ಬಿಚ್ಚಿತು. ರಕ್ತ ಪಾದದವರೆಗೆ ಇಳಿಯಿತು. ಅಲುಗಾಡದೆ ಮಲಗು ಅಂದರು ಡಾಕ್ಟರು. ಮಲಗಿದಳು. ಎದ್ದು ಕೂರುವಷ್ಟಾಗುವ ಹೊತ್ತಿಗೆ ಕಚೇರಿಯಿಂದ ಕರೆ ಬಂತು.

ಗಂಡ ಕೆಲಸದಲ್ಲಿದ್ದ. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡು ಹೋದಳು. ನಡು ಮಧ್ಯಾಹ್ನ, ಕಟ್ಟೆಯ ಮುಂದೆ ಉದ್ದ ಸಾಲು.

"ಹೇಳದೇ ಕೇಳದೇ ಗೈರುಹಾಜರಿ ಅಂತ ನಿಮ್ಮ ಪ್ರೊಫೆಸರ್ ದೂರು ಕೊಟ್ಟಿದಾರೆ" ಎಂದಳು ಅಧಿಕಾರಿಣಿ.

"ಹೊಲಿಗೆ ಬಿಚ್ಚಿತ್ತು ಮೇಡಂ."

"ಹಾಗಿದ್ರೆ ರಜೆ ತಗೋಬೇಕಿತ್ತು."

"ತಗೊಂಡಿದ್ರೆ?"

"ದೇಶ ಬಿಡ್ಬೇಕಿತ್ತು."

"ತಗೊಳ್ಳಲಿಲ್ಲವಲ್ಲ. ಈಗ?"

ಅಧಿಕಾರಿಣಿ ಕನ್ನಡಕ ಸರಿಮಾಡಿಕೊಂಡಳು. "ಈಗಲೂ... ಬಿಡ್ಬೇಕಾಗುತ್ತೆ. ಅಂದ ಹಾಗೆ, ಮಗುಗೆ ಇನ್ನೂ ವೀಸಾ ಮಾಡಿಸಿಲ್ಲ ನೀವು. ಕಾನೂನು ಪ್ರಕಾರ ಅದೂ ಇಲ್ಲಿ ಇರೋ ಹಾಗಿಲ್ಲ."

ಅವಳು ಎದೆಯ ಗಂಟು ಬಿಚ್ಚಿದಳು. ಮಗುವನ್ನು ಎತ್ತಿ, ಒಂದು ಕೈಯನ್ನು ಅದರ ತಲೆಯಡಿ ಇಟ್ಟುಕೊಂಡೇ, ಕಟ್ಟೆಯ ಮೇಲೆ ಮಲಗಿಸಿದಳು.

"ಇಗೋ, ಕಳ್ಳಿ. ಹಲ್ಲೂ ಬಂದಿಲ್ಲ, ಆಗ್ಲೇ ನಿಮ್ಮ ದೇಶಕ್ಕೆ ನುಗ್ಗಿಬಿಟ್ಟಿದಾಳೆ. ಹಾಕಿ ಹೊರಗೆ. ಆದ್ರೆ ನಿಮ್ಮ ಕೈಯಾರೆ ಹಾಕ್ಬೇಕು. ಎತ್ತಿ! ಯಾಕೆ, ಕೈ ಬರ್ತಿಲ್ವಾ? ಬಾಯಿ ಬರುತ್ತೆ, ಕೈ ಬರಲ್ವಾ?"

ಅಧಿಕಾರಿಣಿ ಕುರ್ಚಿಯನ್ನು ಸರ್ರನೆ ಹಿಂದೆ ಎಳೆದುಕೊಂಡಳು. ಮಗು ಮುಖ ಕೆಂಪಗೆ ಮಾಡಿ ಅರಚಿತು. ಅಧಿಕಾರಿಣಿ ಗಂಟೆ ಒತ್ತಿದ್ದಕ್ಕೆ ಕಾವಲುಗಾರ ಓಡಿಬಂದ.

ಅಷ್ಟರಲ್ಲಿ ಅವಳು ಮಗುವನ್ನು ಎತ್ತಿಕೊಂಡು, ಕಟ್ಟೆಗೆ ಬೆನ್ನು ಕೊಟ್ಟು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದ್ದಳು. ಅಂಗಿಯ ಗುಂಡಿ ಬಿಚ್ಚಿ ಮೊಲೆಗೆ ಹಚ್ಚಿದಳು. ಎದೆ ಮರೆಮಾಡಲಿಲ್ಲ, ತಲೆ ತಗ್ಗಿಸಲಿಲ್ಲ.

"ಮೇಡಂ, ಇಲ್ಲಿ ಹೀಗೆಲ್ಲ ಮಾಡೋ ಹಾಗಿಲ್ಲ. ದಯವಿಟ್ಟು ಹೊರಗೆ ನಡೀರಿ." ಕಾವಲುಗಾರನ ಕಣ್ಣು ಎಲ್ಲಿ ನೋಡಬೇಕೋ ತಿಳಿಯದೆ ಚಾವಣಿ ಸೇರಿತ್ತು.

"ಹೊತ್ಕೊಂಡು ಹೋಗು, ಬೇಕಾದ್ರೆ. ನಾನು ಅಲುಗಲ್ಲ."

ಅವನ ಕೈ ಮುಂದೆ ಬಂತು, ಹಿಂದೆ ಹೋಯಿತು. ಸಾಲಿನಲ್ಲಿದ್ದ ಯಾವಳೋ ಹುಡುಗಿ, ಮುಖ ಪರಿಚಯವೂ ಇಲ್ಲದವಳು, ಹೆಗಲ ಚೀಲ ಕೆಳಗಿಟ್ಟು ಬಾಣಂತಿಯ ಪಕ್ಕ ಕೂತಳು. ಅವಳ ಹಿಂದಿನವಳು ಅತ್ತಿತ್ತ ನೋಡಿ ತಾನೂ ಕೂತಳು. ಉಳಿದವರು ನಿಂತೇ ಇದ್ದರು.

"ಇನ್ನೆಷ್ಟೊತ್ತು ಇದೆಲ್ಲ?" ಮೇಲಿನಿಂದ ಅಧಿಕಾರಿಣಿ ಕೂಗಿದಳು. ಸಕ್ಕರೆಯೆಲ್ಲ ಇಳಿದುಹೋಗಿತ್ತು.

"ಇವಳನ್ನೇ ಕೇಳಿ." ಬಾಣಂತಿ ಗಲ್ಲದಿಂದಲೇ ಮಗುವನ್ನು ತೋರಿಸಿದಳು.

ಮಗು ಮುಷ್ಟಿ ಬಿಗಿಹಿಡಿದು, ಕಣ್ಣು ಮುಚ್ಚಿಕೊಂಡು ಚಪ್ಪರಿಸುತ್ತಿತ್ತು. ಅದಕ್ಕೆ ಯಾವ ಅವಸರವೂ ಇರಲಿಲ್ಲ.