ತಾಂಬೂಲದ ಷರತ್ತು

"ಕಳ್ಮುಂಡೆ! ಕಂಪನಿ ಮಾಲನ್ನ ಬೀದೀಲಿ ಹಂಚ್ತೀಯಾ?"

ಮ್ಯಾನೇಜರ್ ವಿಜಯ್‌ಕುಮಾರ್ ಫೋನನ್ನು ಮೇಜಿನ ಮೇಲೆ ಕುಕ್ಕಿದ. ನೆಲ ಒರೆಸುತ್ತಿದ್ದ ಪುಟ್ಟಲಿಂಗಮ್ಮ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಎದ್ದಳು. ಫೋನಿನಲ್ಲಿ ಅವಳೇ ಹಾಡುತ್ತಿದ್ದಳು. ಮೇಟಗಳ್ಳಿಯ ಮದುವೆಮನೆಯೊಂದರಲ್ಲಿ ಮೊಮ್ಮಗಳು ಧರಣಿ ತನ್ನ ಫೋನಿನಲ್ಲಿ ಸೆರೆಹಿಡಿದು ಊರಿಗೆಲ್ಲ ಕಳಿಸಿದ್ದ ವಿಡಿಯೊ ಅದು.

ಸಿದ್ಧಾರ್ಥನಗರದ ಆ ಕಚೇರಿ ಜನಪದ ಹಾಡುಗಳ ಆಪ್ ನಡೆಸುತ್ತದೆ. ಎರಡು ವರ್ಷದ ಹಿಂದೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ನಲವತ್ತು ಸೋಬಾನೆ ಪದ ಹಾಡಿಸಿಕೊಂಡಿದ್ದರು. ಮಾರನೆಯ ದಿನ ಮತ್ತೆ ಪೊರಕೆ. ಈಗ ಆ ಪದಗಳು ಚಂದಾ ಕಟ್ಟಿದವರಿಗೆ ಮಾತ್ರ ಕೇಳಿಸುತ್ತವೆ. ಬೇರೆಲ್ಲಾದರೂ ಕೇಳಿಸಿದರೆ ಕಂಪ್ಯೂಟರೇ ಕಳ್ಳರನ್ನು ಹಿಡಿದುಕೊಡುತ್ತದೆ. ಮೊದಲು ಸಿಕ್ಕಿಬಿದ್ದವಳು ಪುಟ್ಟಲಿಂಗಮ್ಮ.

"ಅದು ನನ್ ಗಂಟ್ಲು ಕಣ್ ಸ್ವಾಮಿ."

"ಗಂಟ್ಲು ನಿಂದು, ಹಾಡು ಕಂಪನೀದು. ನಿಮ್ ಜನಕ್ಕೆ ಶಾಲು ಹೊದ್ಸಿದ್ದೇ ತಪ್ಪಾಯ್ತು. ಇನ್ಮೇಲೆ ಹಾಡಲ್ಲ, ಯಾರ್ಗೂ ಕಲ್ಸಲ್ಲ ಅಂತ ಇಲ್ಲಿ ರುಜು ಹಾಕು. ಇಲ್ದಿದ್ರೆ ನಾಳೆಯಿಂದ ಬರ್ಬೇಡ."

"ಅದೆಂಗಾದದು? ಪದ ಕಲಿಯೋವಾಗ ನಮ್ಮತ್ತೆ ಅಂಗೈಗೆ ಎಲೆಅಡಿಕೆ ಇಕ್ಕಿ ಮಾತ್ ತಗೊಂಡವ್ಳೆ. ಕೇಳ್ದೋರ್ಗೆ ಇಲ್ಲ ಅನ್ಬಾರ್ದು, ಕಲ್ತೋರೂ ಇಲ್ಲ ಅನ್ಬಾರ್ದು ಅಂತ. ನೀವ್ ಕೇಳುದ್ರಿ, ಕೊಟ್ಟೆ. ನಿಮ್ ಕೈಗೂ ಎಲೆಅಡಿಕೆ ಇಕ್ಕಿದ್ನಲ್ಲ!"

"ಹೂಂ, ತಿಂದೆ. ಸುಣ್ಣ ಜಾಸ್ತಿಯಾಗಿತ್ತು."

ಮೂಲೆಯ ಕಂಪ್ಯೂಟರಿನ ಮುಂದೆ ಕೂತಿದ್ದ ಅಮರ್ ನಕ್ಕುಬಿಟ್ಟ. ಆಪ್ ಕಟ್ಟಿದವನು ಅವನೇ. "ಸಾರ್, ನಮ್ ಆಪೂ ಇಂಥ ಎಲೆಅಡಿಕೇನೇ. ಯಾರೋ ಪುಣ್ಯಾತ್ಮರು ಬರ್ದು ಬಿಟ್ಟಿರೋ ಸಾಫ್ಟ್‌ವೇರ್ ಎತ್ಕೊಂಡಿದ್ದೀವಿ. ಅದರ ಲೈಸೆನ್ಸೂ ಇದನ್ನೇ ಹೇಳುತ್ತೆ. ಬಳ್ಸಿ, ತಿದ್ದಿ, ಹಂಚಿ. ಆದ್ರೆ ಈಸ್ಕೊಂಡೋರ ಕೈ ಕಟ್ಬೇಡಿ. ನಾವು ಅದಕ್ಕೂ ಬೀಗ ಜಡಿದು ಮಾರ್ತಿದ್ದೀವಿ."

"ಓದ್ದೆ ಒಪ್ಪಿಗೆ ಒತ್ಬಿಟ್ಯಾ?"

"ಒತ್ತಿದ್ದು ನೀವು ಸಾರ್."

"ಬಾಯ್ಮುಚ್ಚೋ. ನಿನ್ಗೂ ಪೊರಕೆ ಕೊಡ್ಸಬೇಕಾ?"

ಅಮರ್ ಕಂಪ್ಯೂಟರಿನತ್ತ ತಿರುಗಿಕೊಂಡ.

ಪುಟ್ಟಲಿಂಗಮ್ಮ ಪೆನ್ನು ತೆಗೆದುಕೊಂಡಳು. ಈ ತಿಂಗಳ ಬಾಡಿಗೆ, ಧರಣಿಯ ಕಾಲೇಜು ಎಲ್ಲವೂ ಈ ಕೆಲಸದ ಮೇಲೇ ನಿಂತಿತ್ತು. ಪೆನ್ನಿನ ಮೊನೆಯನ್ನು ಕಾಗದಕ್ಕೆ ತಾಗಿಸಿದಳು.

ಬಾಗಿಲಲ್ಲಿ ಭಾಗ್ಯಮ್ಮ ನಿಂತಿದ್ದಳು. ಮೇಲಿನ ಮಹಡಿ ಗುಡಿಸುವವಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅಕ್ಕ," ಎಂದಳು, ಏನೂ ಗೊತ್ತಿಲ್ಲದವಳಂತೆ. "ಗಂಡಿನ ಕಡೆಯೋರ್ನ ಬಯ್ಯೋ ಪದ ಒಂದಿತ್ತಲ್ಲ, ಅದೆಂಗದೆ? ಒಸಿ ಏಳ್ಕೊಡಕ್ಕ."

ಪುಟ್ಟಲಿಂಗಮ್ಮ ಅವಳ ಮುಖವನ್ನು ನೋಡಿದಳು. ಕೇಳಿದವಳು ಎದುರಿಗೇ ನಿಂತಿದ್ದಳು. ಪೆನ್ನನ್ನು ಮೇಜಿನ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಹಾಡಿದಳು.

"ಹೊಳೆಗೆ ಬೇಲಿ ಹಾಕ್ದ ಬೂಪ, ನೀರೆಂಗ್ ಕುಡೀತೀಯೋ..."

ಭಾಗ್ಯಮ್ಮ ಸೊಲ್ಲು ಎತ್ತಿಕೊಂಡಳು. ಮೆಟ್ಟಿಲ ಕಡೆಯಿಂದ ಇನ್ನೂ ಇಬ್ಬರು ಕೆಲಸದ ಹೆಂಗಸರು ದನಿಗೂಡಿಸಿದರು.

"ನಿಲ್ಸೇ!" ವಿಜಯ್‌ಕುಮಾರ್ ಚೀರಿದ. ಯಾರೂ ನಿಲ್ಲಿಸಲಿಲ್ಲ. ಸಾಕ್ಷಿಗಿರಲಿ ಎಂದು ಫೋನೆತ್ತಿ ರೆಕಾರ್ಡ್ ಮಾಡತೊಡಗಿದ.

ಪುಟ್ಟಲಿಂಗಮ್ಮ ಉಸಿರು ಎಳೆದುಕೊಳ್ಳುತ್ತ ಅವನತ್ತ ತಿರುಗಿದಳು.

"ಒಸಿ ಅತ್ರಕ್ ಇಡ್ಕಳಿ ಸ್ವಾಮಿ. ಈ ಪದ ನಿಮ್ತಾವ ಇಲ್ಲ."